ಅರಣ್ಯಕಾಂಡದ ಜನಗಣತಿಗಳು

ಬೈಬಲಿನ ನಾಲ್ಕನೆಯ ಪುಸ್ತಕವಾದ ಅರಣ್ಯಕಾಂಡದಲ್ಲಿ ಇಸ್ರಾಯೇಲರ ಎರಡು ತಲೆಯೆಣಿಕೆಗಳು ದಾಖಲಾಗಿವೆ. ಈ ಪುಸ್ತಕದ ಗ್ರೀಕ್ ಹೆಸರಿಗೆ ‘ಸಂಖ್ಯೆಗಳು’ ಎಂದರ್ಥ. ಹೀಬ್ರೂ ಹೆಸರಿಗೆ ‘ಅರಣ್ಯದಲ್ಲಿ’ ಎಂದರ್ಥ. ಕನ್ನಡ ಬೈಬಲ್ ಹೀಬ್ರೂವಿಗೆ ಹತ್ತಿರವಾದ ಹೆಸರನ್ನೇ ಹಿಡಿದಿದೆ. ಎರಡು ಹೆಸರುಗಳನ್ನೂ ಒಟ್ಟಿಗಿಟ್ಟು ನೋಡಿದರೆ ಪುಸ್ತಕದ ಹುರುಳು ಕಾಣುತ್ತದೆ: ಊರು ಮನೆಗಳಿಲ್ಲದ ಬಯಲಿನಲ್ಲಿ ಅಲೆಯುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಲೆಕ್ಕಕ್ಕೆ ಹಿಡಿದ ಕಥೆ ಇದು.

ಐಗುಪ್ತದಿಂದ ಹೊರಟ ಎರಡನೆಯ ವರ್ಷ, ಎರಡನೆಯ ತಿಂಗಳ ಮೊದಲ ದಿನ, ಸೀನಾಯಿ ಅರಣ್ಯದಲ್ಲಿ ಮೊದಲ ಗಣತಿಗೆ ಅಪ್ಪಣೆಯಾಯಿತು. ಮೋಶೆ ಮತ್ತು ಆರೋನರ ಜೊತೆ ಕುಲಕ್ಕೊಬ್ಬ ಮುಖಂಡ ನಿಂತು, ಇಪ್ಪತ್ತು ವರ್ಷ ಮೇಲ್ಪಟ್ಟು ಯುದ್ಧಕ್ಕೆ ಹೋಗಬಲ್ಲ ಗಂಡಸರ ಹೆಸರುಗಳನ್ನು ಮನೆತನದ ಪ್ರಕಾರ ಬರೆಸಿದ. ಒಟ್ಟು 6,03,550. ಯೆಹೂದ ಕುಲ 74,600 ಮಂದಿಯೊಡನೆ ಎಲ್ಲಕ್ಕಿಂತ ದೊಡ್ಡದು. ಮನಸ್ಸೆ 32,200ರೊಡನೆ ಎಲ್ಲಕ್ಕಿಂತ ಚಿಕ್ಕದು. ದೇವದರ್ಶನ ಗುಡಾರದ ಸೇವೆಗೆ ಮೀಸಲಾದ ಲೇವಿಯರ ಪಟ್ಟಿಯೇ ಬೇರೆ. ಅಲ್ಲಿ ಒಂದು ತಿಂಗಳ ಕೂಸಿನಿಂದಲೇ ಎಣಿಕೆ. ಗುಡಾರ ನಡುವೆ, ಲೇವಿಯರು ಅದರ ಸುತ್ತ, ಉಳಿದ ಕುಲಗಳು ನಾಲ್ಕು ದಿಕ್ಕಿಗೆ ಮೂರು ಮೂರಾಗಿ ಬಿಡಾರ ಹೂಡಿದವು.

ಈ ಲೆಕ್ಕದ ನಿಜವಾದ ಸೊಗಸು ಕಾಣುವುದು ಬೆಳ್ಳಿಯಲ್ಲಿ. ಎಣಿಕೆಯಾದ ಪ್ರತಿಯೊಬ್ಬನೂ ತನ್ನ ಪ್ರಾಣದ ಈಡಾಗಿ ಅರ್ಧ ಶೆಕೆಲ್ ತೂಕದ ಬೆಳ್ಳಿ ಕೊಡಬೇಕು, ಬಡವ ಕಡಿಮೆ ಕೊಡಕೂಡದು, ಸಿರಿವಂತ ಹೆಚ್ಚು ಕೊಡಕೂಡದು ಎಂಬುದು ವಿಮೋಚನಕಾಂಡದ ವಿಧಿ. ಅದೇ 6,03,550 ಮಂದಿಯ ಕಾಣಿಕೆ 100 ತಲಾಂತು ಮತ್ತು 1,775 ಶೆಕೆಲ್ ಆಯಿತೆಂದು ಅದೇ ಪುಸ್ತಕ ಮುಂದೆ ಹೇಳುತ್ತದೆ. ತಲಾಂತಿಗೆ 3,000 ಶೆಕೆಲಿನಂತೆ ಕೂಡಿ ನೋಡಿ: 3,01,775. ತಾಳೆ ಚೊಕ್ಕವಾಗಿದೆ. ನೂರು ತಲಾಂತನ್ನು ಕರಗಿಸಿ ಗುಡಾರದ ಗದ್ದಿಗೇಕಲ್ಲುಗಳನ್ನು ಎರೆದರು; ಮಿಕ್ಕದ್ದು ಕಂಬಗಳ ಕೊಂಡಿಗಳಿಗೆ ಹೋಯಿತು. ದೇವರ ನಿವಾಸ ನಿಂತದ್ದು ಎಲ್ಲರೂ ಸಮನಾಗಿ ತೆತ್ತ ಬೆಳ್ಳಿಯ ಮೇಲೆ. ದೈವಿಕ ಕ್ರಮವೆಂದು ವಿಶ್ವಾಸಿಗಳು ಕರೆಯುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಭಾಗ ಈ ದಾಖಲೆಗಳಲ್ಲಿ ಇನ್ನೊಂದಿಲ್ಲ.

ಇಷ್ಟು ದೊಡ್ಡ ಸಂಖ್ಯೆಯನ್ನು ವಿದ್ವಾಂಸರೆಲ್ಲ ಒಪ್ಪುವುದಿಲ್ಲ. ‘ಸಾವಿರ’ ಎಂಬರ್ಥದ ಹೀಬ್ರೂ ಪದ ‘ಎಲೆಫ್’ ಇಲ್ಲಿ ಮನೆತನದ ಗುಂಪನ್ನು ಸೂಚಿಸುತ್ತದೆ ಎಂದು ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ವಾದಿಸಿದ. ಹಾಗೆ ಓದಿದರೆ ಜನಸಂಖ್ಯೆ ತೀರ ಇಳಿಯುತ್ತದೆ, ಆದರೆ ಬೆಳ್ಳಿಯ ಲೆಕ್ಕ ಕೂಡುವುದಿಲ್ಲ.

ಎಣಿಸುವುದೆಲ್ಲ ಬೈಬಲಿಗೆ ಮೆಚ್ಚಿಗೆಯಲ್ಲ. ಅರಸ ದಾವೀದ ಸೇನಾಪತಿ ಯೋವಾಬನ ಮಾತು ಮೀರಿ ಪ್ರಜೆಗಳನ್ನು ಎಣಿಸಿದ್ದು ಪಾಪವೆನಿಸಿತು. ಬಂದ ವ್ಯಾಧಿಗೆ 70,000 ಮಂದಿ ಸತ್ತರೆಂದು ಸಮುವೇಲನ ಎರಡನೆಯ ಪುಸ್ತಕ ಹೇಳುತ್ತದೆ. ಜನರನ್ನು ತನ್ನ ಬಲವೆಂದು ಎಣಿಸುವುದು ಒಂದು, ದೇವರ ಸೊತ್ತೆಂದು ಎಣಿಸುವುದು ಇನ್ನೊಂದು ಎಂಬುದು ಇದಕ್ಕೆ ಕೊಡುವ ಸಾಂಪ್ರದಾಯಿಕ ವಿವರಣೆ.

ಎರಡನೆಯ ಗಣತಿ ನಡೆದದ್ದು ಅಲೆದಾಟದ ಕೊನೆಯಲ್ಲಿ, ಯೊರ್ದನ್ ಹೊಳೆಯ ಬಳಿ, ಮೋವಾಬಿನ ಬಯಲಿನಲ್ಲಿ. ಒಟ್ಟು 6,01,730. ಮೊದಲ ಪಟ್ಟಿಯಲ್ಲಿದ್ದವರಲ್ಲಿ ಕಾಲೇಬ ಮತ್ತು ಯೆಹೋಶುವ ಇಬ್ಬರೇ ಉಳಿದಿದ್ದರು. ಸಿಮೆಯೋನ್ ಕುಲ 59,300ರಿಂದ 22,200ಕ್ಕೆ ಕುಸಿದಿತ್ತು. ಅವರು ಸೇರಲಿದ್ದ ನಾಡಿನ ಭೂಮಿಯನ್ನು ಈ ಪಟ್ಟಿಯ ಆಧಾರದ ಮೇಲೆಯೇ ಹಂಚಬೇಕಿತ್ತು. ಗಂಡು ಮಕ್ಕಳಿಲ್ಲದೆ ಸತ್ತ ಚೆಲೋಫಹಾದನ ಐವರು ಹೆಣ್ಣುಮಕ್ಕಳ ಹೆಸರುಗಳು ಅದರಲ್ಲಿವೆ: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ತಂದೆಯ ಹೆಸರು ಯಾಕೆ ಅಳಿಯಬೇಕೆಂದು ಅವರು ಎಲ್ಲರೆದುರು ಕೇಳಿದರು. ಅವರ ಮಾತು ನ್ಯಾಯವೆಂದು ದೇವರ ತೀರ್ಪಾಯಿತು; ಮುಂದೆ ಯೆಹೋಶುವನ ಕಾಲದಲ್ಲಿ ಆ ಐವರಿಗೂ ಮನಸ್ಸೆ ಕುಲದ ನೆಲದಲ್ಲಿ ಪಾಲು ದೊರೆಯಿತು.