ದಬ್ಬೆಯಿಂದ ಟೇಪಿನವರೆಗೆ: ಒಂದು ಕಟ್ಟಿನ ಕಥೆ

ಕಬಡ್ಡಿ ಅಂಕಣದಲ್ಲಿ ಆಟಗಾರನೊಬ್ಬ ಕಾಲು ಹಿಡಿದುಕೊಂಡು ಕುಸಿದರೆ, ಸುತ್ತ ನಿಂತವರಲ್ಲಿ ಒಬ್ಬರಾದರೂ ‘ಉಳುಕಿರಬೇಕು, ಎಳೆದರೆ ಸರಿಹೋಗುತ್ತದೆ’ ಎನ್ನುತ್ತಾ ಮುಂದೆ ಬರುತ್ತಾರೆ. ಉಳುಕಲ್ಲದೆ ಮೂಳೆಯೇ ಮುರಿದಿದ್ದರೆ? ಮುರಿದ ಮೂಳೆಯ ಚೂಪು ತುದಿ ಪಕ್ಕದ ರಕ್ತನಾಳವನ್ನೋ ನರವನ್ನೋ ಸೀಳಲು ಆ ಒಂದು ಎಳೆತ ಸಾಕು. ಪೆಟ್ಟಾದ ಅಂಗವನ್ನು ಅಲುಗದಂತೆ ಇಡಬೇಕೆಂಬುದು ಹೊಸ ಪಾಠವೇನಲ್ಲ.

ಮುರಿದ ಅಂಗಕ್ಕೆ ಬಿದಿರು, ಅತ್ತಿ, ಅರಳಿ, ಮುತ್ತುಗ ಮೊದಲಾದ ಮರಗಳ ದಬ್ಬೆ, ತೊಗಟೆಗಳನ್ನಿಟ್ಟು ಬಟ್ಟೆ ಸುತ್ತುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಈ ದಬ್ಬೆಗೆ ಅಲ್ಲಿನ ಹೆಸರು ‘ಕುಶ’. ಕಟ್ಟು ಸಡಿಲವಾದರೆ ಕೀಲು ಸ್ಥಿರವಾಗಿ ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು ಉಂಟಾಗುತ್ತವೆ ಎಂದು ಸಂಹಿತೆ ಎಚ್ಚರಿಸುತ್ತದೆ. ಕಟ್ಟನ್ನು ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಬೇಸಿಗೆಯಲ್ಲಿ 3 ದಿನಕ್ಕೊಮ್ಮೆ, ಹವೆ ಹದವಾಗಿದ್ದಾಗ 5 ದಿನಕ್ಕೊಮ್ಮೆ ಬದಲಿಸಬೇಕೆಂಬ ಲೆಕ್ಕವೂ ಉಂಟು.

ಆಧುನಿಕ ಪ್ರಥಮ ಚಿಕಿತ್ಸೆ ಬೆಳೆದದ್ದು ಮಾತ್ರ ರಣರಂಗದಲ್ಲಿ. ಡಚ್ ಸೇನಾ ವೈದ್ಯ ಮ್ಯಾಥಿಸೆನ್ 1851ರಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಸವರಿದ ಪಟ್ಟಿಯನ್ನು ಬಳಕೆಗೆ ತಂದ. ಜರ್ಮನಿಯ ಶಸ್ತ್ರವೈದ್ಯ ಎಸ್ಮಾರ್ಕ್ ತ್ರಿಕೋನ ಪಟ್ಟಿಯನ್ನು ಜನಪ್ರಿಯಗೊಳಿಸಿದ. ಅದನ್ನು ಹೇಗೆ ಕಟ್ಟಬೇಕೆಂಬ ಚಿತ್ರಗಳು ಆ ಬಟ್ಟೆಯ ಮೇಲೆಯೇ ಅಚ್ಚಾಗಿದ್ದವು! ಇಂಗ್ಲೆಂಡಿನಲ್ಲಿ 1877ರಲ್ಲಿ ಆರಂಭವಾದ ಸೇಂಟ್ ಜಾನ್ ಆಂಬುಲೆನ್ಸ್ ಸಂಘ ಈ ವಿದ್ಯೆಯನ್ನು ಜನಸಾಮಾನ್ಯರಿಗೂ ಕಲಿಸತೊಡಗಿತು.

ದಬ್ಬೆಯ ಮಹತ್ವವನ್ನು ಜಗತ್ತಿಗೆ ಮನಗಾಣಿಸಿದ್ದು ಮೊದಲ ಮಹಾಯುದ್ಧ. ಲಿವರ್‌ಪೂಲ್‌ನ ಹ್ಯೂ ಓವೆನ್ ಥಾಮಸ್ ಮೂಳೆ ಕೂರಿಸುವ ನಾಟಿ ವೈದ್ಯರ ಮನೆತನದವನು. ಕಾಲನ್ನು ಒಂದೇ ನೇರಕ್ಕೆ ಹಿಡಿದಿಡುವ ಕಬ್ಬಿಣದ ಚೌಕಟ್ಟೊಂದನ್ನು ಆತ ರೂಪಿಸಿದ್ದ. ಅವನ ಸಂಬಂಧಿ ರಾಬರ್ಟ್ ಜೋನ್ಸ್ ಅದನ್ನು ಯುದ್ಧಭೂಮಿಗೆ ಒಯ್ದ. ತೊಡೆಮೂಳೆ ಮುರಿದ ಸೈನಿಕರಲ್ಲಿ ಮೊದಲು ನೂರಕ್ಕೆ ಸುಮಾರು 80 ಮಂದಿ ಸಾಯುತ್ತಿದ್ದರೆಂದೂ, ಆ ಬಳಿಕ ಸಾವು ನೂರಕ್ಕೆ 20ರ ಆಸುಪಾಸಿಗೆ ಇಳಿಯಿತೆಂದೂ ಅಂದಿನ ವೈದ್ಯರು ಬರೆದಿಟ್ಟಿದ್ದಾರೆ. ಹೊಸ ಔಷಧದಿಂದಲ್ಲ, ಕಾಲು ಅಲುಗದಂತೆ ಸಾಗಿಸಿದ್ದರಿಂದಲೇ ಬಹಳಷ್ಟು ಜೀವ ಉಳಿದವು.

ಟೇಪಿನ ದಾರಿ ಬೇರೆ. ನ್ಯೂಯಾರ್ಕಿನ ವೈದ್ಯ ವರ್ಜಿಲ್ ಗಿಬ್ನಿ 1895ರಲ್ಲಿ, ಉಳುಕಿದ ಪಾದಕ್ಕೆ ಅಂಟುಪಟ್ಟಿಗಳನ್ನು ಬುಟ್ಟಿ ಹೆಣೆದಂತೆ ಸುತ್ತುವ ಕ್ರಮವನ್ನು ವಿವರಿಸಿದ. ಆಟದ ಮೈದಾನಗಳಲ್ಲಿ ಇಂದಿಗೂ ಅದರದೇ ರೂಪಾಂತರಗಳಿವೆ. ಅಮೆರಿಕದ ವೈದ್ಯ ಗೇಬ್ ಮರ್ಕಿನ್ 1978ರಲ್ಲಿ ‘ವಿಶ್ರಾಂತಿ, ಮಂಜುಗಡ್ಡೆ, ಒತ್ತುಕಟ್ಟು, ಎತ್ತರದಲ್ಲಿಡುವಿಕೆ’ ಎಂಬ ಸೂತ್ರ ನೀಡಿದ. ಮಂಜುಗಡ್ಡೆಯಿಂದ ಗಾಯ ಮಾಗುವುದು ತಡವಾಗಬಹುದೆಂದು 2014ರಲ್ಲಿ ಆತನೇ ಅದನ್ನು ತಿದ್ದಿದ. ಆದರೆ ಒತ್ತುಕಟ್ಟು ಹಾಗೆಯೇ ಉಳಿಯಿತು.

ಕಟ್ಟು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 2002ರ ಆಂಟಿಗಾ ಟೆಸ್ಟ್. ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದ ಅನಿಲ್ ಕುಂಬ್ಳೆ, ಲಾರಾ ವಿಕೆಟ್ ಕಿತ್ತರು. ಆ ಧೈರ್ಯಕ್ಕೆ ಸಾಟಿಯಿಲ್ಲ. ಆದರೆ ಪಟ್ಟಿ ದವಡೆಯನ್ನು ಹಿಡಿದಿಟ್ಟಿತೇ ಹೊರತು ಕೂಡಿಸಲಿಲ್ಲ. ಕುಂಬ್ಳೆ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಮರಳಲೇಬೇಕಾಯಿತು.

ಊರ ಮೈದಾನದಲ್ಲಿ ಪ್ಲಾಸ್ಟರ್ ಸಿಗದಿರಬಹುದು. ಒಂದು ಅಡಕೆ ದಬ್ಬೆ, ಎರಡು ಟವೆಲ್ ಸಿಕ್ಕೇ ಸಿಗುತ್ತವೆ. ಮುರಿದ ಜಾಗದ ಮೇಲಿನ ಹಾಗೂ ಕೆಳಗಿನ ಕೀಲುಗಳೆರಡೂ ಅಲುಗದಂತೆ ಕಟ್ಟಬೇಕು. ಬೆರಳ ತುದಿ ತಣ್ಣಗಾದರೆ, ಬಣ್ಣಗೆಟ್ಟರೆ ಅಥವಾ ಜೋಮು ಹಿಡಿದರೆ ತಕ್ಷಣ ಸಡಿಲಿಸಬೇಕು. ಮುಂದಿನದು ವೈದ್ಯರ ಕೆಲಸ.