ಏನು ವಿಶೇಷ?

ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದ ಇಬ್ಬರು ಎದುರಾದರೆ ಮಾತು ಶುರುವಾಗುವುದು ಹೀಗೆ: ‘ಏನ್ ಸಾರ್ ವಿಶೇಷ?’ ‘ಏನಿಲ್ಲ, ನಿಮ್ದು?’ ‘ನಮ್ದೂ ಅಷ್ಟೇ.’ ಸಾಮಾನ್ಯವಲ್ಲದ್ದನ್ನು ಹೇಳಲೆಂದು ಹುಟ್ಟಿದ ಪದಕ್ಕೆ ನಾವು ದಿನವಿಡೀ ಕೊಡುವ ಉತ್ತರ ‘ಇಲ್ಲ’. ಆ ‘ಇಲ್ಲ’ದಲ್ಲಿ ಬೇಸರವೇನೂ ಇರುವುದಿಲ್ಲ. ಇನ್‌ಲ್ಯಾಂಡ್ ಲೆಟರಿನ ಕಾಲದಲ್ಲಿ ‘ಇಲ್ಲಿ ಬೇರೇನೂ ವಿಶೇಷವಿಲ್ಲ’ ಎಂಬ ಸಾಲು ಓದಿದ ಮೇಲೆಯೇ ಮನೆಮಂದಿಗೆ ಸಮಾಧಾನ. ಯಾರೂ ಕಾಯಿಲೆ ಬಿದ್ದಿಲ್ಲ, ಮಳೆ ಬೆಳೆ ಮಾಮೂಲು ಎಂದು ಅದರ ಅರ್ಥ.

ಇದೇ ಪದ ಮದುವೆ ಮನೆಯಲ್ಲಿ ದನಿ ತಗ್ಗಿಸುತ್ತದೆ. ಹೋದ ವರ್ಷ ಮದುವೆಯಾದ ಹುಡುಗಿಯನ್ನು ದೊಡ್ಡಮ್ಮ ಪಕ್ಕಕ್ಕೆ ಕರೆದು ‘ಏನಾದ್ರೂ ವಿಶೇಷನಾ?’ ಎನ್ನುತ್ತಾರೆ. ಬಸಿರು ಎಂಬ ಮಾತು ಬಾಯಿಗೆ ಬರಬೇಕಾಗಿಲ್ಲ. ಹುಡುಗಿ ‘ಇಲ್ಲ ದೊಡ್ಡಮ್ಮ’ ಎಂದರೆ ಅದು ಬಸ್‌ಸ್ಟ್ಯಾಂಡಿನ ‘ಇಲ್ಲ’ ಅಲ್ಲ. ಅವಳಿಗೆ ಇದೇ ಪ್ರಶ್ನೆ ಹಾಕಲು ಊಟದ ಪಂಕ್ತಿಯಲ್ಲಿ ಇನ್ನೂ ನಾಲ್ಕು ಜನ ಕಾದಿರುತ್ತಾರೆ.

ಈ ಪದದ ಬೇರು ಸಂಸ್ಕೃತದ ‘ಶಿಷ್’ ಧಾತು. ಅದಕ್ಕೆ ಉಳಿಯುವುದು, ಉಳಿಸುವುದು ಎಂಬ ಅರ್ಥವಿದೆ. ಶೇಷ, ಅವಶೇಷ, ವಿಶಿಷ್ಟ ಎಲ್ಲ ಅದರ ಬಳಗವೇ. ಒಂದು ವಸ್ತುವಿನಿಂದ ಇತರ ವಸ್ತುಗಳಲ್ಲೂ ಇರುವುದನ್ನೆಲ್ಲ ಕಳೆಯಿರಿ. ಕೊನೆಗೆ ಉಳಿಯುವ ಅದರದೇ ಗುರುತು ವಿಶೇಷ. ಕಣಾದರ ದರ್ಶನಕ್ಕೆ ವೈಶೇಷಿಕ ಎಂಬ ಹೆಸರು ಬಂದದ್ದೇ ಇದರಿಂದ. ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂಬ ಆರು ಪದಾರ್ಥಗಳಲ್ಲಿ ವಿಶೇಷ ಸಾಮಾನ್ಯದ ಪಕ್ಕದಲ್ಲೇ ಕೂತಿದೆ. ಒಂದೇ ಜಾತಿಯ ಎರಡು ಪರಮಾಣುಗಳು ಒಂದಾಗಿ ಬೆರೆತುಹೋಗದೆ ಎರಡಾಗಿಯೇ ಇರುವುದು ಅದರ ದೆಸೆಯಿಂದ. ಮಧ್ವಾಚಾರ್ಯರ ದ್ವೈತದಲ್ಲೂ ಅದಕ್ಕೆ ದೊಡ್ಡ ಕೆಲಸವಿದೆ: ಬೇರೆಯಲ್ಲದ ವಸ್ತು ಮತ್ತು ಗುಣವನ್ನು ಬೇರೆ ಬೇರೆಯಾಗಿ ಹೇಳಲು ದಾರಿ ಮಾಡಿಕೊಡುವುದು ವಿಶೇಷವೇ.

ಅದರ ಒಡನಾಡಿಗಳ ಹಣೆಬರಹ ಬೇರೆ ಬೇರೆ. ಸಂಸ್ಕೃತದಲ್ಲಿ ‘ಅಪರೂಪ’ ಎಂದರೆ ವಿಕಾರ, ಕುರೂಪ. ಕನ್ನಡಕ್ಕೆ ಬಂದು ಅದು ಮೇಲಕ್ಕೇರಿತು. ಅಪರೂಪದ ವ್ಯಕ್ತಿ ಎಂದರೆ ಈಗ ಹೊಗಳಿಕೆ. ‘ಏನಪ್ಪಾ, ತುಂಬಾ ಅಪರೂಪ ಆಗ್ಬಿಟ್ಟೆ’ ಎಂದಾಗ ಮಾತ್ರ ಅದರಲ್ಲೊಂದು ಸಿಹಿ ಆಕ್ಷೇಪಣೆ ಇರುತ್ತದೆ. ‘ವಿಚಿತ್ರ’ ಕೆಳಕ್ಕಿಳಿಯಿತು. ಬಗೆಬಗೆಯ ಬಣ್ಣದ್ದು, ಸೊಗಸಾದದ್ದು ಎಂಬ ಹಳೆಯ ಅರ್ಥದ ಬಲದಿಂದಲೇ ಮಹಾಭಾರತದಲ್ಲಿ ಸತ್ಯವತಿಯ ಮಗ ವಿಚಿತ್ರವೀರ್ಯನಾದ. ಇಂದು ಆ ಗೌರವ ವಿಚಿತ್ರವೀಣೆಯ ಹೆಸರಿನಲ್ಲಷ್ಟೇ ಉಳಿದಂತಿದೆ. ‘ವಿಚಿತ್ರ ಮನುಷ್ಯ ಕಣ್ರೀ’ ಎಂದರೆ ಅವನಿಂದ ದೂರವಿರಿ ಎಂದೇ ಅರ್ಥ.

ವಿಶೇಷ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ನೀರು ಬೆರೆಸಿದ ಮಜ್ಜಿಗೆಯಂತೆ ಎಲ್ಲೆಡೆ ಹರಡಿತು. ದೇವಸ್ಥಾನದಲ್ಲಿ ವಿಶೇಷ ಪೂಜೆ, ವಿಶೇಷ ದರ್ಶನ. ಹಬ್ಬಕ್ಕೆ ವಿಶೇಷ ಬಸ್ಸು, ವಿಶೇಷ ರೈಲು. ದೀಪಾವಳಿಗೆ ಪತ್ರಿಕೆಗಳ ವಿಶೇಷಾಂಕ. ಅಪರಾಧ ನಡೆದರೆ ವಿಶೇಷ ತನಿಖಾ ತಂಡ. ಆಹ್ವಾನ ಪತ್ರಿಕೆಯಲ್ಲಿ ಎಂಟು ಜನ ವಿಶೇಷ ಆಹ್ವಾನಿತರಿದ್ದರೆ ವಿಶೇಷವಲ್ಲದವರು ಸಭಿಕರಷ್ಟೇ. ಅಷ್ಟಾದ ಮೇಲೆ ಹೋಟೆಲಿನವರಿಗೆ ಈ ಪದ ಸಾಲದೆ ‘ಸ್ಪೆಷಲ್’ ಬೇಕಾಯಿತು. ಈಗ ಅದಕ್ಕೂ ಇದೇ ಗತಿ.

ಪದ ಇನ್ನೂ ಗಟ್ಟಿಯಾಗಿರುವ ಜಾಗವೂ ಇದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಯನ್ನು ನಾವು ‘ವಿಶೇಷ ಸ್ಥಾನಮಾನ’ ಎನ್ನುತ್ತೇವೆ. ಹೈದರಾಬಾದ್ ಕರ್ನಾಟಕಕ್ಕೆ, ಅಂದರೆ 2019ರಿಂದ ಕಲ್ಯಾಣ ಕರ್ನಾಟಕ ಎಂದು ಕರೆಯಲಾಗುತ್ತಿರುವ ಭಾಗಕ್ಕೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಸ್ಥಳೀಯರಿಗೆ ಶಿಕ್ಷಣ ಮತ್ತು ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಅದರಿಂದ ಬಂತು. ಬೀದರ್, ರಾಯಚೂರಿನ ವಿದ್ಯಾರ್ಥಿಗೆ ಆ ವಿಶೇಷ ಎಂದರೆ ಕೈಯಲ್ಲಿರುವ ಪ್ರಮಾಣಪತ್ರ, ಕಾಲೇಜಿನಲ್ಲೊಂದು ಸೀಟು. ಉಳಿದವರಿಗಿಂತ ತನಗಿರುವ ವ್ಯತ್ಯಾಸವೇನು, ಅದಕ್ಕೆ ಸಿಗುವುದೇನು ಎಂಬುದನ್ನು ಆತ ಬೆರಳು ಮಡಚಿ ಎಣಿಸಬಲ್ಲ.

ಪದವನ್ನು ಬಳಸುವವರು ಅಷ್ಟು ಲೆಕ್ಕ ಇಟ್ಟುಕೊಂಡರೆ ಸಾಕು. ವರದಿಗಾರರೂ ಕರಪತ್ರ ಬರೆಯುವವರೂ ‘ವಿಶೇಷ’ ಎಂದು ಬರೆಯುವ ಮುನ್ನ ಇದು ಬೇರೆಯದಕ್ಕಿಂತ ಹೇಗೆ ಬೇರೆ ಎಂದು ಒಮ್ಮೆ ಕೇಳಿಕೊಳ್ಳಲಿ. ಉತ್ತರ ಸಿಕ್ಕರೆ ಅದನ್ನೇ ಬರೆಯಲಿ. ಹಬ್ಬಕ್ಕೆ ಬಿಡುವುದು ‘ಹೆಚ್ಚುವರಿ ಬಸ್ಸು’, ದುಡ್ಡು ಕೊಟ್ಟವರಿಗೆ ಆಗುವುದು ‘ಬೇಗ ದರ್ಶನ’. ಉತ್ತರ ಸಿಗದಿದ್ದರೆ ‘ವಿಶೇಷ’ವನ್ನು ಹೊಡೆದುಹಾಕಲಿ. ಬಸ್‌ಸ್ಟ್ಯಾಂಡಿನ ‘ಏನ್ ವಿಶೇಷ?’ ಮಾತ್ರ ಹಾಗೇ ಇರಲಿ, ಅದಕ್ಕೆ ಉತ್ತರ ಬೇಕಾಗಿಲ್ಲ.