ಚೀಟಿಯ ಆಚೆಗಿನ ಖರ್ಚು

ಸುದ್ದಗುಂಟೆಪಾಳ್ಯದ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದಾಕೆ ಒಂದು ದಿನ ಸೆರಗಿನ ಗಂಟು ಬಿಚ್ಚಿ, ಮಡಿಸಿ ಮಡಿಸಿ ಸವೆದುಹೋಗಿದ್ದ ಚೀಟಿಯೊಂದನ್ನು ನನ್ನ ಕೈಗಿಟ್ಟಳು. ಮಗಳ ಶಾಲೆಗೆ ಡಾಕ್ಟರು ಬಂದಿದ್ದಾಗ ಕೊಟ್ಟದ್ದಂತೆ. ಹುಡುಗಿಗೆ ದೃಷ್ಟಿ ಮಂದವಾಗಿದೆ, ಕಣ್ಣಿನ ಆಸ್ಪತ್ರೆಗೆ ತೋರಿಸಿ ಎಂದು ಅದರಲ್ಲಿತ್ತು. ತಾರೀಖು ನೋಡಿದರೆ ಏಳು ತಿಂಗಳು ಹಳೆಯದು. "ಇಷ್ಟು ದಿನ ಏನು ಮಾಡ್ತಿದ್ದೆ?" ಎಂದು ಗದರಿದೆ. "ನಾಲ್ಕು ಮನೆ ಕೆಲಸ ಬಿಟ್ಟು ಹೋಗಬೇಕಲ್ಲಮ್ಮ, ಒಂದು ದಿನಕ್ಕೆ ಮುಗಿಯೋದಾ ಅದು?" ಎಂದಳು. ನಾನು ಸುಮ್ಮನಾದೆ. ಆ ನಾಲ್ಕು ಮನೆಗಳಲ್ಲಿ ನಮ್ಮದೂ ಒಂದು. ಅವಳು ಬಾರದ ದಿನ ಮುಖ ಗಂಟಿಕ್ಕುವವಳೂ ನಾನೇ.

ಆ ಚೀಟಿ ನನ್ನನ್ನು ಹಳೆಯ ಸಂಗತಿಗಳತ್ತ ಎಳೆದುಕೊಂಡು ಹೋಯಿತು. ನಮ್ಮ ದೇಶದಲ್ಲಿ ಶಾಲಾಮಕ್ಕಳ ವೈದ್ಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡದಲ್ಲಿ. ಆದರೆ 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗಲೂ ಶಾಲಾ ಆರೋಗ್ಯ ಸೇವೆ ಇಲ್ಲವೆನ್ನುವಷ್ಟೇ ಇತ್ತು. 1960ರಲ್ಲಿ ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ ಇದಕ್ಕೆಂದೇ ಸಮಿತಿಯಾಯಿತು. ಮರುವರ್ಷ ಅದರ ವರದಿಯೂ ಬಂತು. ವರದಿಗಳಿಗೆ ನಮ್ಮಲ್ಲಿ ಎಂದೂ ಬರವಿರಲಿಲ್ಲ.

ದೂರದ ನ್ಯೂಯಾರ್ಕಿನ ಒಂದು ಕಥೆ ಮಾತ್ರ ನಮ್ಮ ಪಾಳ್ಯದಲ್ಲೇ ನಡೆದಂತೆ ಕಂಡಿತು. ಅಲ್ಲಿಯೂ ವೈದ್ಯರು ಶಾಲೆಗೆ ಬಂದು, ಕಣ್ಣುಬೇನೆ, ಹುಳುಕಡ್ಡಿ ಇದ್ದ ಬಡಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಔಷಧಿ ಹಾಕುವವರಿಲ್ಲದೆ ಮಕ್ಕಳು ಬೀದಿಯಲ್ಲಿ ಆಡಿಕೊಂಡಿರುತ್ತಿದ್ದರು. 1902ರಲ್ಲಿ ಲಿಲಿಯನ್ ವಾಲ್ಡ್ ಎಂಬಾಕೆ ತಮ್ಮ ಸಂಸ್ಥೆಯ ದಾದಿ ಲೀನಾ ರೋಜರ್ಸ್ ಅವರನ್ನು ಒಂದು ತಿಂಗಳ ಮಟ್ಟಿಗೆ ನಾಲ್ಕು ಶಾಲೆಗಳಿಗೆ ಕಳಿಸಿದರು. ಆಕೆ ಶಾಲೆಯಲ್ಲೇ ಗಾಯ ತೊಳೆದು ಔಷಧಿ ಹಚ್ಚಿದರು, ಸಂಜೆ ಮನೆಗಳಿಗೆ ಹೋಗಿ ತಾಯಂದಿರಿಗೆ ತಿಳಿಹೇಳಿದರು. ಮಕ್ಕಳು ತರಗತಿಗೆ ಮರಳಿದರು. ಅದನ್ನು ಕಂಡ ಮೇಲೆ ನಗರಾಡಳಿತ ತನ್ನ ಬೊಕ್ಕಸದಿಂದಲೇ ದಾದಿಯರನ್ನು ನೇಮಿಸಿತು. ರೋಗ ಹುಡುಕುವುದಕ್ಕೆ ಮಾತ್ರವಲ್ಲ, ವಾಸಿ ಮಾಡುವುದಕ್ಕೂ ದುಡ್ಡು ಬೇಕೆಂದು ಅವರಿಗೆ ಅರ್ಥವಾಗಿತ್ತು.

ಇದನ್ನು ಕಲಿಯಲು ನಾವು ಅಷ್ಟು ದೂರ ಹೋಗಬೇಕಿರಲಿಲ್ಲ. ನಮ್ಮ ಪಾಳ್ಯದ ಪಕ್ಕದಲ್ಲೇ, ಡೈರಿ ವೃತ್ತಕ್ಕೆ ಹೆಸರು ಕೊಟ್ಟ ಬೆಂಗಳೂರು ಡೈರಿಯಿದೆ. ಯುನಿಸೆಫ್ ನೆರವಿನಿಂದ 1965ರಲ್ಲಿ ಆರಂಭವಾದದ್ದು. 2013ರ ಆಗಸ್ಟ್ 1ರಂದು ರಾಜ್ಯ ಸರ್ಕಾರ ಕ್ಷೀರಭಾಗ್ಯ ಯೋಜನೆ ತಂದಾಗ ಶಾಲಾಮಕ್ಕಳಿಗೆ ವಾರಕ್ಕೆ ಮೂರು ದಿನ 150 ಮಿಲಿಲೀಟರ್ ಬಿಸಿ ಹಾಲು ಸಿಕ್ಕಿತು. ಹಾಲಿನ ಪುಡಿಯ ಖರ್ಚನ್ನು ಸರ್ಕಾರವೇ ಹೊತ್ತಿತು. ಲೋಟ ಮಗುವಿನ ಕೈಗೇ ಬಂತು. ಆ ಹಾಲಿಗಾಗಿ ಯಾವ ತಾಯಿಯೂ ಕೆಲಸ ಬಿಡಬೇಕಾಗಲಿಲ್ಲ.

ಅದೇ 2013ರಲ್ಲಿ ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಶುರುವಾಯಿತು. ಹುಟ್ಟಿದ ಕೂಸಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆ ಅದರ ಕೆಲಸ. ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ದೋಷ ಕಂಡರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ. ಒಳ್ಳೆಯ ಯೋಜನೆಯೇ, ಇಲ್ಲವೆನ್ನುವುದಿಲ್ಲ. ಆದರೆ ಉಚಿತ ಎಂಬ ಮಾತು ಆಸ್ಪತ್ರೆಯ ಬಾಗಿಲಿನಿಂದ ಒಳಗೆ ಮಾತ್ರ ನಿಜ. ಅಲ್ಲಿಯವರೆಗಿನ ದಾರಿಯ ಖರ್ಚು, ಮುರಿದ ದಿನಗೂಲಿ, ಮನೆಯೊಡತಿಯ ಸಿಡುಕು, ಇವೆಲ್ಲ ತಾಯಿಯ ಲೆಕ್ಕಕ್ಕೆ. ಶಾಲೆಯಲ್ಲೇ ಒಂದು ಕೋಣೆ, ವಾರಕ್ಕೊಮ್ಮೆ ಬರುವ ಒಬ್ಬ ದಾದಿ, ಅಲ್ಲಿಗೇ ತಲುಪುವ ಕನ್ನಡಕ: ಇಷ್ಟಕ್ಕೆ ಹಣವಿಟ್ಟರೆ ಎಷ್ಟೋ ಚೀಟಿಗಳು ಸೆರಗಿನ ಗಂಟಿನಲ್ಲಿ ಸವೆಯುವುದು ತಪ್ಪೀತು.

ಮರುವಾರ ತಾಯಿ ಮಗಳಿಬ್ಬರೂ ಆಸ್ಪತ್ರೆಗೆ ಹೋದರು. ಮೂರು ಸಲ ಹೋಗಬೇಕಾಯಿತು. ಆ ಮೂರು ದಿನವೂ ಪಾತ್ರೆ ನಾನೇ ತೊಳೆದೆ, ಸಂಬಳ ಹಿಡಿಯಲಿಲ್ಲ. ದೊಡ್ಡ ಉಪಕಾರವೆಂದು ಹೇಳಿಕೊಳ್ಳುತ್ತಿಲ್ಲ. ಏಳು ತಿಂಗಳು ತಡವಾಗಿ ಕೊಟ್ಟ ಪಾಲು ಅದು. ಕನ್ನಡಕ ಬಂದ ಸಂಜೆ ಹುಡುಗಿ ನಮ್ಮ ಅಂಗಳದಲ್ಲಿ ನಿಂತು ಎದುರುಮನೆಯ ಗೋಡೆಯ ಮೇಲಿದ್ದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಿದ್ದಳು. "ಅಲ್ಲಿ ಬರೆದಿರೋದೇ ನಂಗೆ ಗೊತ್ತಿರ್ಲಿಲ್ಲ ಆಂಟಿ" ಎಂದಳು.